ಒಂದು ಸೇರು ತೌಡಿನ ಕೂಸು

“ಚಿತ್ರದುರ್ಗ ನಂಗೆ ಅಂಗೈ ಇದ್ದಂಗೆ ಕಾಟಜ್ಜ” ಎಂದು ಮಾರುತೇಶ ಹೇಳಿದಾಗ ನಾನು ಅವನ ಅಂಗೈ ನೋಡಿದೆ. ಕೂಸು ಆಗ ತಾನೇ ಅದರ ಮೇಲೆ ಉಚ್ಚೆ ಹೊಯ್ದಿತ್ತು. ಎಲ್ಲಿ ಒರೆಸಿಕೊಳ್ಳಬೇಕೆಂದು ತೋಚದೆ ಅವನು ಆ ಕೈಯನ್ನು ಬಸ್ಸಿನ ಕಿಟಕಿಯಿಂದ ಆಚೆ ಚಾಚಿ, ಐಮಂಗಲದಿಂದ ದುರ್ಗದವರೆಗೂ ಗಾಳಿಗೆ ಒಣಗಿಸಿದ. ಹಿಂದೆ ಬರುತ್ತಿದ್ದ ಲಾರಿಯವರು ಬಸ್ಸು ಈಗ ತಿರುಗುತ್ತದೆ, ಈಗ ತಿರುಗುತ್ತದೆ ಎಂದು ಕಾದು ಕಾದು, ಕೊನೆಗೆ ಬೈದುಕೊಂಡು ಮುಂದೆ ಹೋದರು.

ಮಾರುತೇಶ ನಮ್ಮ ಹರಿಯಬ್ಬೆಯ ಅಳಿಯ. ಚಿಕ್ಕಜಾಜೂರಿನವನು. ಐದು ವರ್ಷದ ಕೆಳಗೆ ನನ್ನ ಎದುರು ಮನೆಯ ಅನುಸೂಯನ ಮಗಳು ಸುಷ್ಮಿತಾಳನ್ನು ಮದುವೆಯಾಗಿ, ಅಲ್ಲೇ ಮನೆ ಅಳಿಯನಾಗಿ ಉಳಿದು, ಹಿರಿಯೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಅವನು ದುರ್ಗಕ್ಕೆ ಹೋಗಿದ್ದದ್ದು ಎರಡು ಸಲ. ಒಮ್ಮೆ ಹಲ್ಲು ಕೀಳಿಸಲು, ಇನ್ನೊಮ್ಮೆ ಬಸ್ಸು ಬದಲಾಯಿಸಲು. ಎರಡೂ ಸೇರಿ ಬಸ್ ಸ್ಟ್ಯಾಂಡಿನ ಆಚೆಗೆ ಕೆನ್ನೆ ಹಿಡಿದುಕೊಂಡು ನೂರು ಹೆಜ್ಜೆ ನಡೆದಿದ್ದನಷ್ಟೆ. ಇದು ನನಗೆ ಗೊತ್ತಿತ್ತು. ಹೆಂಡತಿಯ ಎದುರಿಗೆ ಹೇಳಲಿಲ್ಲ. ಅಳಿಯಂದಿರ ಮರ್ಯಾದೆ ಊರಿನ ಮರ್ಯಾದೆ.

ಅವತ್ತು ಕೆಲಸ ಇದ್ದದ್ದು ಸುಷ್ಮಿತಾಳಿಗೆ. ಊರಿನ ಕುರಿ ಮೇಕೆಗಳಿಗೆ ಕಾಯಿಲೆ ಬಂದರೆ ಮೊದಲು ಹೋಗಿ ಔಷಧಿ ಕುಡಿಸುವ ಪಶುಸಖಿ ಎಂಬ ಕೆಲಸಕ್ಕೆ ಅವಳನ್ನು ಆರಿಸಿದ್ದರು. ದುರ್ಗದಲ್ಲಿ ಒಂದು ದಿನದ ತರಬೇತಿ, ಮಧ್ಯಾಹ್ನ ಎರಡು ಗಂಟೆಗೆ ಪರೀಕ್ಷೆ. ಅವಳು ಮುಂದಿನ ಸೀಟಿನಲ್ಲಿ ಕುಳಿತು ಕುರಿಯ ಹೊಟ್ಟೆ ಉಬ್ಬರವನ್ನು ಬಾಯಿಪಾಠ ಮಾಡುತ್ತಿದ್ದಳು. ಕೂಸನ್ನು ನೋಡಿಕೊಳ್ಳಲು ಮಾರುತೇಶ. ಮಾರುತೇಶನನ್ನು ನೋಡಿಕೊಳ್ಳಲು ನಾನು.

ನಾನು ಹೋಗಲು ಇನ್ನೂ ಒಂದು ಕಾರಣವಿತ್ತು. ಕೂಸಿನ ಒಡೆಯ ನಾನೇ.

ಇದನ್ನು ಬಿಡಿಸಿ ಹೇಳಬೇಕು. ಅವತ್ತು ಬಿಡಿಸಿ ಹೇಳದೆ ಹೋದದ್ದೇ ಎಲ್ಲದಕ್ಕೂ ಮೂಲವಾಯಿತು. ಸುಷ್ಮಿತಾಳಿಗೆ ಮೊದಲೆರಡು ಕೂಸು ನಿಲ್ಲಲಿಲ್ಲ. ಮೂರನೆಯದು ಹುಟ್ಟಿದ ಹನ್ನೊಂದನೆಯ ದಿನ ಅನುಸೂಯ ಅದನ್ನು ಮೊರದಲ್ಲಿ ಮಲಗಿಸಿಕೊಂಡು ನನ್ನ ಬಾಗಿಲಿಗೆ ಬಂದಳು. ನಾನು ಅವರಿಗೆ ರಕ್ತಸಂಬಂಧಿಯಲ್ಲ, ನನ್ನ ಆರು ಮಕ್ಕಳೂ ಗಟ್ಟಿಯಾಗಿ ಉಳಿದಿದ್ದಾರೆ. ಇಂಥವನೇ ಬೇಕು. ಓಣಿಯವರ ಮುಂದೆ ಒಂದು ಸೇರು ತೌಡು ಅಳೆದು ಕೊಟ್ಟು ಕೂಸನ್ನು ಕೊಂಡೆ. ತೌಡಿಗೆ ಮಾರಿದ ಕೂಸು, ಅದೂ ಪರರ ಪಾಲಾದದ್ದು, ಇದರ ಗೊಡವೆ ಯಾಕೆ ಎಂದು ಕೆಟ್ಟ ಕಣ್ಣು ಬೇರೆ ದಾರಿ ಹಿಡಿಯುತ್ತದೆ. ಹೆಸರು ತೌಡಪ್ಪ. ಜನನ ಪತ್ರದಲ್ಲಿ ಮಾತ್ರ ಲಕ್ಷಿತ್ ಎಂದಿದೆ. ಹುಟ್ಟುಗೂದಲು ತೆಗೆಸುವ ಜವಳದ ದಿನ ಹೆತ್ತವರು ಅಷ್ಟೇ ತೌಡು ವಾಪಸು ಅಳೆದು ಕೂಸನ್ನು ಬಿಡಿಸಿಕೊಳ್ಳಬೇಕು. ಅಲ್ಲಿಯವರೆಗೆ ಯಾರು ಕೇಳಿದರೂ “ನಮ್ಮ ಕೂಸು” ಎನ್ನಬಾರದು. ಹಾಗೆ ಅಂದರೋ ವ್ಯಾಪಾರ ಮುರಿದು ಬಿತ್ತು.

ನಮ್ಮ ಓಣಿಯಲ್ಲಿ ಹೀಗೆ ಕೊಂಡವುಗಳಲ್ಲಿ ಇದು ನನಗೆ ನಾಲ್ಕನೆಯದು. ಮೊದಲನೆಯವನು ಈಗ ಟ್ರ್ಯಾಕ್ಟರ್ ಓಡಿಸುತ್ತಾನೆ. ಎರಡನೆಯವಳು ಹೊಸದುರ್ಗದಲ್ಲಿ ನರ್ಸು. ಮೂರನೆಯವನು ಚರಂಡಿ ವಿಷಯದಲ್ಲಿ ನನ್ನ ಮೇಲೇ ಪಂಚಾಯ್ತಿಗೆ ಅರ್ಜಿ ಕೊಟ್ಟಿದ್ದಾನೆ. ಒಟ್ಟಿನಲ್ಲಿ ಎಲ್ಲರೂ ಆರೋಗ್ಯವಾಗಿದ್ದಾರೆ.

ಮಾರುತೇಶ ಬೇರೆಲ್ಲ ವಿಷಯದಲ್ಲೂ ಬಾಯಿ ತಪ್ಪುವವನು. ಈ ಒಂದರಲ್ಲಿ ಮಾತ್ರ ಎಂಟು ತಿಂಗಳಿಂದ ಒಮ್ಮೆಯೂ ತಪ್ಪಿರಲಿಲ್ಲ. “ಮ” ಎಂಬ ಅಕ್ಷರ ಬಾಯಿಗೆ ಬಂದರೆ ಸಾಕು, ನಾಲಿಗೆ ಕಚ್ಚಿಕೊಂಡು “ಕಾಟಜ್ಜನ ಕೂಸು” ಎನ್ನುತ್ತಿದ್ದ.

ತರಬೇತಿ ನಡೆಯುವ ಕಟ್ಟಡದ ಗೇಟಿನಲ್ಲಿ ಕಾವಲುಗಾರ ಕೈ ಅಡ್ಡ ಹಿಡಿದ. ಒಳಗೆ ಸೂಜಿ, ಔಷಧಿ, ಎರಡು ಜೀವಂತ ಮೇಕೆ ಇವೆ, ಕೂಸಿಗೆ ಪ್ರವೇಶವಿಲ್ಲ. ಫೋನುಗಳನ್ನೂ ಗೇಟಿನಲ್ಲೇ ಇಡಬೇಕು. ಸುಷ್ಮಿತಾ ಕೂಸಿಗೆ ಅಲ್ಲೇ ಮರೆಯಲ್ಲಿ ಹಾಲು ಕುಡಿಸಿ ಗಂಡನ ಕೈಗೆ ಕೊಟ್ಟಳು.

“ರೀ, ಒಂದು ಗಂಟೆಗೆ ಊಟಕ್ಕೆ ಬಿಡ್ತಾರೆ. ಅಷ್ಟೊತ್ತಿಗೆ ಸರಿಯಾಗಿ ಇಲ್ಲಿರ್ರಿ. ಬಾಟ್ಲಿ ಹಾಲು ಬಾಯಿಗಿಟ್ರೆ ಉಗಿತಾನೆ, ನಿಮ್ಗೆ ಗೊತ್ತು. ನೀವು ಬರ್ಲಿಲ್ಲ ಅಂದ್ರೆ ನಾನು ಪರೀಕ್ಷೆ ಬಿಟ್ಟು ಹುಡುಕ್ಕಂಡು ಬರ್ತೀನಿ. ಆಮೇಲೆ ಮುಂದಿನ ವರ್ಷದವರ್ಗೂ ಈ ಕೆಲ್ಸದ ಮಾತಿಲ್ಲ.”

“ಒಂದಲ್ಲ, ಹನ್ನೆರಡೂವರೆಗೇ ಇರ್ತೀವಿ. ಸುಮ್ನೆ ಕುಂತು ಏನ್ ಮಾಡಾಣ, ಕೋಟೆ ತೋರಿಸ್ಕಂಡು ಬರ್ತೀನಿ. ದುರ್ಗ ನಂಗೆ—”

“ಅಂಗೈ, ಗೊತ್ತು” ಎಂದ ಸುಷ್ಮಿತಾ ನನ್ನ ಕಡೆ ತಿರುಗಿದಳು. “ಕಾಟಜ್ಜ, ನಿಮ್ಮ ಕೂಸು, ನಿಮ್ಮ ಜವಾಬ್ದಾರಿ.”

ನಾನು ಹೂಂ ಎಂದೆ.

ಆಟೋ ಹತ್ತಿ ಮಾರುತೇಶ ಕೇಳಿದ ಮೊದಲ ಮಾತು “ಕೋಟೆ ಯಾವ ಕಡೆ ಐತಣ್ಣ?” ದುರ್ಗದಲ್ಲಿ ನಿಂತು ಕೋಟೆ ಎಲ್ಲಿ ಎಂದು ಕೇಳಿದವನನ್ನು ಆ ಆಟೋದವನು ಅವತ್ತೇ ಮೊದಲು ನೋಡಿದ್ದಿರಬೇಕು. ತಲೆಯೆತ್ತಿ ಬೆಟ್ಟದ ಕಡೆ ನೋಡಿದ. ಮಾರುತೇಶನೂ ತಲೆಯೆತ್ತಿ ಆಟೋದ ತಗಡು ನೋಡಿದ. “ಓಹೋ, ಅದಾ” ಎಂದ.

ಕೋಟೆ ಬಾಗಿಲ ಟಿಕೆಟ್ ಕಿಟಕಿಯಲ್ಲಿ ಮಲ್ಲೇಶ್ ಎಂಬವನು ಕುಳಿತಿದ್ದ. ಹೆಸರು ಅವನ ಅಂಗಿಯ ಜೇಬಿನ ಮೇಲೆ ಬರೆದಿತ್ತು, ಮಾರುತೇಶ ಅದನ್ನು ಜೋರಾಗಿ ಓದಿದ.

“ಎರಡು ಟಿಕೆಟ್ ಕೊಡ್ರಿ ಮಲ್ಲೇಶಣ್ಣ.”

“ಮಗೂಗೆ ಟಿಕೆಟ್ ಬೇಡ” ಎಂದು ಮಲ್ಲೇಶ್ ಇಣುಕಿದ. “ಮುದ್ದಾಗೈತೆ. ನಿಮ್ಮ ಮಗನಾ?”

ಮಾರುತೇಶ ನಾಲಿಗೆ ಕಚ್ಚಿಕೊಂಡ. “ಅಲ್ಲಲ್ಲ. ನಂದಲ್ಲ. ಈ ಅಜ್ಜಂದು.”

ಮಲ್ಲೇಶ್ ನನ್ನ ಬಿಳಿ ಮೀಸೆಯನ್ನು ನೋಡಿದ. ಕೂಸಿನ ಬೋಳು ವಸಡನ್ನು ನೋಡಿದ. ಮತ್ತೆ ನನ್ನ ಬೋಳು ವಸಡನ್ನು ನೋಡಿದ. ಹೋಲಿಕೆ ಕಂಡಿತೋ ಏನೋ, ಟಿಕೆಟ್ ಹರಿದು ಕೊಟ್ಟ.

ಒಳಗೆ ಹೋದ ಮೇಲೆ ಮಾರುತೇಶ ಪ್ರತಿ ಬಾಗಿಲಿನ ಹತ್ತಿರವೂ “ಇದೇ ಕಣಜ್ಜ ಮೇನ್ ಬಾಗ್ಲು” ಎಂದ. ಮೂರು ಮೇನ್ ಬಾಗಿಲು ದಾಟಿದೆವು. ಹಾಲಿನ ಬಾಟಲಿ, ಒಣಗಿದ ಬಟ್ಟೆ, ಒದ್ದೆ ಬಟ್ಟೆ, ಗಿಲಕಿ, ಕೊಡೆ ಇದ್ದ ಚೀಲ ಅವನ ಹೆಗಲಲ್ಲಿ. ಕೂಸು ನನ್ನ ಹೆಗಲಲ್ಲಿ. ಕೂಸಿನ ಟೊಪ್ಪಿಗೆ ಒಂದು ಕೋತಿಯ ತಲೆಯಲ್ಲಿ. ಅದು ಎರಡನೆಯ ಮೇನ್ ಬಾಗಿಲ ಹತ್ತಿರ ನಡೆದ ವಿಚಾರ, ಇಲ್ಲಿ ಬೇಡ.

ಬಂಡೆಯಲ್ಲಿ ತೋಡಿದ ಎಣ್ಣೆ ಕೊಳ ಎಂಬ ಗುಂಡಿಯ ಹತ್ತಿರ ಬಂದಾಗ ಅನುಸೂಯನ ಫೋನು ಬಂತು. ಅಳಿಯನ ಫೋನಿನಲ್ಲಿ ಅತ್ತೆಯ ದನಿ ಸ್ಪೀಕರ್ ಹಾಕದೆಯೇ ಮೂವರಿಗೂ ಕೇಳುತ್ತದೆ.

“ಎಲ್ಲಿದೀರಾ ಅಳಿಯಂದ್ರೇ?”

“ಎಣ್ಣೆ ಹತ್ರ ಇದೀವಿ ಅತ್ತೆ.”

“ಏನಂದ್ರಿ? ಇನ್ನೂ ಹತ್ತೂವರೆ! ಕೂಸು ಬಗಲಲ್ಲಿಟ್ಕಂಡು ಎಣ್ಣೆ ಹೊಡೆಯಾಕೆ ಕುಂತ್ರಾ?”

“ಅಯ್ಯೋ, ಆ ಎಣ್ಣೆ ಅಲ್ಲ ಅತ್ತೆ, ಕಲ್ಲಲ್ಲಿ ತುಂಬಿ ಇಡ್ತಿದ್ರಲ್ಲ—”

“ಕಲ್ಲಲ್ಲಿ ತುಂಬ್ತಾರೋ ಗ್ಲಾಸಲ್ಲಿ ತುಂಬ್ತಾರೋ ನಂಗ್ಯಾಕೆ! ಕಾಟಯ್ಯಂಗೆ ಕೊಡ್ರಿ ಫೋನು!”

ಅಷ್ಟರಲ್ಲಿ ಸಿಗ್ನಲ್ ಹೋಯಿತು. ಏಳು ಸುತ್ತಿನ ಕೋಟೆ ಹಿಂದೆ ಎಷ್ಟೋ ಜನರನ್ನು ಕಾಪಾಡಿರಬಹುದು. ನಾನು ಕಣ್ಣಾರೆ ಕಂಡದ್ದು ಮಾರುತೇಶನನ್ನು ಕಾಪಾಡಿದ್ದು.

ಓಬವ್ವನ ಕಿಂಡಿಗೆ ಬಂದಾಗ ಹನ್ನೊಂದೂವರೆ. ಬಂಡೆಗಳ ಸಂದಿನ ಆ ಕಿಂಡಿಯಲ್ಲಿ ಒಬ್ಬರು ಬಗ್ಗಿ ತೂರಬಹುದು, ಅಷ್ಟೆ. ಅಲ್ಲಿ ದಾವಣಗೆರೆ ಕಡೆಯ ಟೀಚರಮ್ಮ ಒಬ್ಬರು ನಾಲ್ಕು ಜನ ಗೆಳತಿಯರ ಜೊತೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಮಾರುತೇಶ ಮೊದಲು ಚೀಲ ತೂರಿಸಿ, ಆಮೇಲೆ ತಾನು ತೂರಿ, ಆ ಕಡೆಯಿಂದ ಎರಡು ಕೈ ಮಾತ್ರ ಹೊರಗೆ ಹಾಕಿದ.

“ಅಜ್ಜ, ಮಾಲು ಕೊಡು ಈ ಕಡೆ!”

ಮಾಲು ಎಂದರೆ ಕೂಸು. ಅಂಗಡಿಯಲ್ಲಿ ಫೋನುಗಳಿಗೆ ಹಾಗೆ ಅಂದು ಅಂದು ಅವನಿಗೆ ಅಭ್ಯಾಸ. ನಾನು ಕೂಸನ್ನು ಕಿಂಡಿಯೊಳಗೆ ಕೊಟ್ಟೆ. ಎರಡು ಕೈ ಅದನ್ನು ಒಳಗೆ ಎಳೆದುಕೊಂಡವು.

ಟೀಚರಮ್ಮನವರ ನಗು ನಿಂತಿತು.

“ಏನ್ರಿ ಯಜಮಾನ್ರೆ, ಮಗು ನಿಮ್ಮ ಮೊಮ್ಮಗನಾ?”

“ಅಲ್ಲಮ್ಮ.”

“ಮತ್ತೆ ಆ ಹುಡುಗನ ಮಗನಾ?”

ಮಾರುತೇಶ ಕಿಂಡಿಯಿಂದ ತಲೆ ಹೊರಗೆ ಹಾಕಿದ. “ನಂದಲ್ಲ ಮೇಡಂ! ಇವರ್ದೇ!”

“ಇವರ ಮೊಮ್ಮಗ ಅಲ್ವಂತೆ?”

“ಮೊಮ್ಮಗ ಅಲ್ಲ. ಆದ್ರೆ ಇವರ್ದೇ.”

“ಹಂಗಂದ್ರೆ?”

ಕೇಳಿದ್ದಕ್ಕೆ ಉತ್ತರ ಹೇಳುವುದು ನನ್ನ ರೂಢಿ. “ನಾನು ತಗಂಡಿದ್ದು ಕಣಮ್ಮ. ಒಂದು ಸೇರಿಗೆ.”

“ಒಂದು ಸೇರು ಏನು?”

“ತೌಡು.”

ಟೀಚರಮ್ಮ ಗೆಳತಿಯರ ಕಡೆ ತಿರುಗಿ ಮೆಲ್ಲಗೆ, ಎಂದರೆ ಮೂರು ಬಾಗಿಲಾಚೆಗೆ ಕೇಳುವಷ್ಟು ಮೆಲ್ಲಗೆ ಹೇಳಿದರು: “ತೌಡು ಅಂದ್ರೆ ಕೋಡ್ ವರ್ಡ್ ಕಣ್ರೇ. ಒಂದು ಸೇರು ಅಂದ್ರೆ ಒಂದು ಲಕ್ಷ ಇರ್ಬೇಕು.”

ಅಲ್ಲಿಂದ ಮುಂದಿನದು ಬೇಗ ಬೇಗ ನಡೆಯಿತು. ಒಬ್ಬರು ಕಿಂಡಿಯ ಆ ಬಾಯಿಗೆ, ಒಬ್ಬರು ಈ ಬಾಯಿಗೆ ನಿಂತರು. ಗಾಬರಿಯಾದ ಮಾರುತೇಶ ಮಧ್ಯದಲ್ಲಿ ಕೂಸಿನೊಂದಿಗೆ ಸಿಕ್ಕಿಕೊಂಡ. ಅತ್ತ ಹೊರಟರೆ ಅತ್ತ ಕೊಡೆ ಎತ್ತಿದರು, ಇತ್ತ ಹೊರಟರೆ ಇತ್ತ ನೀರಿನ ಬಾಟಲಿ ಎತ್ತಿದರು. ಕಿಂಡಿಯಲ್ಲಿ ಬಂದವರಿಗೆ ಅಲ್ಲಿ ಎಂಥ ಸತ್ಕಾರ ಎಂಬುದು ನಮ್ಮ ಸೀಮೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಆ ಗಲಾಟೆಯಲ್ಲಿ ಕೂಸೊಂದೇ ನಗುತ್ತಿತ್ತು.

ನಮ್ಮನ್ನು ಮೆರವಣಿಗೆಯಲ್ಲಿ ಕೆಳಗೆ ಇಳಿಸಿದರು. ದಾರಿಯಲ್ಲಿ ಕೇಳಿದವರಿಗೆಲ್ಲ ಟೀಚರಮ್ಮ ವಿವರ ಕೊಟ್ಟರು. ಎಣ್ಣೆ ಕೊಳದ ಹತ್ತಿರ ನಾನು ಕೂಸು ಕದ್ದವನಾಗಿದ್ದೆ. ಎರಡನೆಯ ಬಾಗಿಲ ಹೊತ್ತಿಗೆ ಹನ್ನೆರಡು ಕೂಸು ಕದ್ದಿದ್ದೆ. ಕೊನೆಯ ಬಾಗಿಲಲ್ಲಿ ಒಬ್ಬರು ನನ್ನನ್ನು ಟಿವಿಯಲ್ಲಿ ನೋಡಿದ ನೆನಪು ಹೇಳಿದರು.

ಕೋಟೆ ಬಾಗಿಲ ಪಕ್ಕದ ಪೊಲೀಸ್ ಚೌಕಿಯಲ್ಲಿ ಭಾಗ್ಯ ಎಂಬ ಮಹಿಳಾ ಪೊಲೀಸ್ ಇದ್ದರು. ಐವತ್ತರ ಹತ್ತಿರದವರು, ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. ಮೊದಲು ಕೂಸನ್ನು ಎತ್ತಿಕೊಂಡರು. ಎತ್ತಿಕೊಂಡ ರೀತಿಯಲ್ಲೇ ಗೊತ್ತಾಯಿತು, ಕೂಸು ಎತ್ತಿ ಬಲ್ಲವರು. ಅದರ ಕೆನ್ನೆಯ ಕಪ್ಪು ಬೊಟ್ಟು, ಕಾಲಿನ ಕಪ್ಪು ದಾರ ಎರಡನ್ನೂ ನೋಡಿ, ಮೇಜಿನ ಮೇಲೆ ನೋಟ್‌ಬುಕ್ ಬಿಚ್ಚಿದರು.

ಟಿಕೆಟ್ಟಿನ ಮಲ್ಲೇಶನೂ ಓಡಿ ಬಂದ. “ನಂಗೆ ಬೆಳಿಗ್ಗೇನೇ ಡೌಟ್ ಬಂತು ಮೇಡಂ. ನಂದಲ್ಲ ಅಂತ ಬಾಯ್ಬಿಟ್ಟು ಹೇಳ್ದ ಇವ್ನು.”

“ಮಗು ಹೆಸ್ರೇನು?” ಭಾಗ್ಯ ಕೇಳಿದರು.

“ತೌಡಪ್ಪ” ಎಂದೆವು ಇಬ್ಬರೂ.

“ದಾಖಲೆ ಐತಾ?”

ಮಾರುತೇಶ ಖುಷಿಯಿಂದ ಮೊಬೈಲಿನಲ್ಲಿ ಜನನ ಪತ್ರ ತೋರಿಸಿದ. ಅದರಲ್ಲಿ ಲಕ್ಷಿತ್ ಎಂದಿತ್ತು. ಭಾಗ್ಯ ಅವನನ್ನೂ ಮೊಬೈಲನ್ನೂ ಮೂರು ಸಲ ನೋಡಿ, ಹೆಸರಿನ ಜಾಗದಲ್ಲಿ ಎರಡನ್ನೂ ಬರೆದುಕೊಂಡರು.

“ಇದ್ರಲ್ಲಿ ತಂದೆ ಮಾರುತೇಶ ಅಂತೈತೆ. ನೀವೇನಾ?”

“ನಾನೇ.”

“ಅಂದ್ರೆ ಮಗು ನಿಮ್ದು.”

“ಅಲ್ಲ ಮೇಡಂ.”

ಭಾಗ್ಯ ಪೆನ್ನು ಕೆಳಗಿಟ್ಟರು. “ನಿಮ್ಮ ಹೆಂಡ್ತಿ ಫೋನ್ ನಂಬರ್ ಕೊಡ್ರಿ.”

ಸುಷ್ಮಿತಾಳ ಫೋನು ಗೇಟಿನ ಡಬ್ಬಿಯಲ್ಲಿ ಕಣ್ಣು ಮುಚ್ಚಿತ್ತು. ಆಗ ಮಾರುತೇಶ, ಯಾವ ಗ್ರಹಚಾರವೋ, ಅತ್ತೆಯ ನಂಬರ್ ಕೊಟ್ಟ. ಭಾಗ್ಯ ಸ್ಪೀಕರ್ ಹಾಕಿದರು.

“ಅನುಸೂಯಮ್ಮನವ್ರಾ? ನಿಮ್ಮ ಮಗಳಿಗೆ ಎಂಟು ತಿಂಗಳ ಗಂಡು ಮಗು ಐತಾ? ಆ ಮಗು ನಿಮ್ದೇನಾ?”

ಗುರುತಿಲ್ಲದ ದನಿ, ನೇರವಾದ ಪ್ರಶ್ನೆ. ಅನುಸೂಯ ಇಂಥಲ್ಲಿ ತಪ್ಪುವವಳಲ್ಲ.

“ನಮ್ದಲ್ಲ ಕಣಮ್ಮ. ಹನ್ನೊಂದನೇ ದಿನಾನೇ ಮಾರಿಬಿಟ್ವಿ.”

ಚೌಕಿಯ ಬಾಗಿಲಲ್ಲಿ ನಿಂತಿದ್ದ ಗುಂಪಿನಿಂದ “ಅಬ್ಬಾ” ಎಂಬ ಉಸಿರು ಬಂತು.

“ಯಾರಿಗೆ ಮಾರಿದ್ರಿ?”

“ಎದುರು ಮನೆ ಕಾಟಯ್ಯಂಗೆ. ಮುಚ್ಚುಮರೆ ಏನಿಲ್ಲಮ್ಮ, ಓಣಿಯೋರೆಲ್ಲ ನಿಂತು ನೋಡವ್ರೆ. ಪಂಚಾಯ್ತಿ ಅಧ್ಯಕ್ಷರೂ ಬಂದಿದ್ರು. ಮಂಡಕ್ಕಿ ತಿಂದು ಕಾಫಿ ಕುಡ್ದು ಹೋದ್ರು.”

“ಈ ಕಾಟಯ್ಯ ಮುಂಚೇನೂ ಹಿಂಗೆ ತಗಂಡಿದಾನಾ?”

“ಅಯ್ಯೋ, ನಮ್ಮ ಓಣೀಲೇ ನಾಕು ತಗಂಡವ್ನೆ. ಅವ್ನ ಕೈಗುಣ ಬಲು ಚಲೋ ಐತೆ. ನಿಮ್ಮ ಕಡೇದೇನಾದ್ರೂ ಐತಾ?”

ಭಾಗ್ಯ ತೋಳಿನಲ್ಲಿದ್ದ ಕೂಸಿನ ಕಾಲಿನ ದಾರವನ್ನು ಸರಿಪಡಿಸಿದರು. “ನಿಮ್ಮ ಅಳಿಯ ಎಂಥವ್ನು?” ಎಂದರು.

“ಒಳ್ಳೇವ್ನೇ. ಆದ್ರೆ ಇವತ್ತು ಹತ್ತೂವರೆಗೇ ಎಣ್ಣೆ ಹತ್ರ ಇದೀನಿ ಅಂದ. ನೀವು ಬಾರಿನೋರಾ?”

ಫೋನು ಇಟ್ಟರು. ನಾನು ಆಗ ಬಾಯಿ ಬಿಟ್ಟೆ. ಮೊರ, ತೌಡು, ನಿಲ್ಲದೆ ಹೋದ ಎರಡು ಕೂಸು, ಜವಳ, ಎಲ್ಲವನ್ನೂ ಮೊದಲಿನಿಂದ ಹೇಳಿದೆ. ಭಾಗ್ಯ ನಡುವೆ ಬಾಯಿ ಹಾಕದೆ ಕೇಳಿಸಿಕೊಂಡರು.

“ಅಜ್ಜ, ಈ ಶಾಸ್ತ್ರ ನಾನೂ ಕೇಳೀನಿ. ಆದ್ರೆ ಶಾಸ್ತ್ರದ ಹೆಸ್ರಲ್ಲಿ ನಿಜವಾಗ್ಲೂ ಮಾರೋರೂ ಇರ್ತಾರೆ. ನಾನು ಯಾವ್ದನ್ನ ನಂಬ್ಲಿ? ಒಂದು ಕೆಲ್ಸ ಮಾಡ್ರಿ. ಈ ಅಪ್ಪ ಅನ್ನೋನು ನನ್ನ ಮುಂದೆ ‘ಇವ್ನು ನನ್ನ ಮಗ’ ಅಂತ ಒಂದ್ಸಲ ಅನ್ಲಿ. ಬಿಟ್ಟುಬಿಡ್ತೀನಿ. ಇಲ್ಲಾಂದ್ರೆ ಸ್ಟೇಷನ್ ಜೀಪ್ ಬರೋವರ್ಗೂ ಕುಂತ್ಕಳ್ರಿ. ಅದು ಬರೋದು ಎರಡು ಗಂಟೆಗೆ.”

ಗೋಡೆಯ ಗಡಿಯಾರದಲ್ಲಿ ಹನ್ನೆರಡು ಹತ್ತು. ಕೂಸು ತನ್ನ ಮುಷ್ಟಿಯನ್ನು ಬಾಯಿಗಿಟ್ಟು ಚೀಪತೊಡಗಿತ್ತು. ಅದು ಹಸಿವಿನ ಮೊದಲ ಗುರುತು. ಇನ್ನು ಅರ್ಧ ಗಂಟೆಗೆ ಅಳು, ಒಂದು ಗಂಟೆಗೆ ಊರು ಹಾರಿಹೋಗುವಂಥ ಅಳು.

“ಅನ್ರಿ ಅಳಿಯಪ್ಪ” ಎಂದೆ.

ಮಾರುತೇಶ ಬೆವರು ಒರೆಸಿಕೊಂಡ, ಕೈಗೆ ಸಿಕ್ಕಿದ್ದು ಕೂಸಿನ ಒದ್ದೆ ಬಟ್ಟೆ.

“ಆಗಲ್ಲ ಮೇಡಂ.”

“ಮೂರು ಪದ ಕಣಪ್ಪ. ಇವ್ನು, ನನ್ನ, ಮಗ.”

“ಬೇಕಾದ್ರೆ ಬರ್ಕೊಡ್ಲಾ?”

“ಬರ್ದ್ರೆ ಸಾಲ್ದು. ಬಾಯಲ್ಲಿ ಅನ್ನು.”

“ನಾನಂದು... ಇವ್ನೂ ಹೋಗ್ಬಿಟ್ರೆ?”

ಟೀಚರಮ್ಮ ಕೊಡೆಯನ್ನು ಮಡಿಚಿ ಹಿಂದಕ್ಕೆ ಇಟ್ಟುಕೊಂಡರು. ಭಾಗ್ಯ ಕೂಸನ್ನು ಈ ತೋಳಿನಿಂದ ಆ ತೋಳಿಗೆ ಬದಲಾಯಿಸಿಕೊಂಡು ಕಿಟಕಿಯ ಕಡೆ ನೋಡಿದರು. ನಂಬಿಕೆ ಬಂದಿತ್ತೋ ಏನೋ, ಆದರೆ ಇಷ್ಟು ಜನರ ಮುಂದೆ ಬರೆದದ್ದನ್ನು ಹೇಗೆ ಹಿಂದಕ್ಕೆ ತೆಗೆದುಕೊಳ್ಳುವುದು? ಅಷ್ಟರಲ್ಲಿ ಕೂಸು ಅಳಲು ಶುರುಮಾಡಿತು.

ನಾನು ಎದ್ದು ನಿಂತೆ. “ಅಮ್ಮಾ, ಕೂಸು ನಂದು ಅಂತ ನಿಮ್ಮ ಪುಸ್ತಕದಲ್ಲಿ ಬರ್ಕಂಡೀರಲ್ಲ?”

“ಹೂಂ.”

“ಹಂಗಾದ್ರೆ ನಾನು ಈಗ್ಲೇ ಇಲ್ಲೇ ಮಾರ್ತೀನಿ.”

ಪೊಲೀಸ್ ಚೌಕಿಯಲ್ಲಿ ನಿಂತು, ಪೊಲೀಸರ ಕೈಯಲ್ಲೇ ಇರುವ ಕೂಸನ್ನು ಮಾರುತ್ತೇನೆಂದವರು ಅದುವರೆಗೆ ಯಾರೂ ಬಂದಿರಲಿಲ್ಲವಂತೆ. ಭಾಗ್ಯ ಆಮೇಲೆ ಹೇಳಿದರು.

“ಜವಳ ಆಗ್ಬೇಕಲ್ಲ ಅಜ್ಜ!” ಮಾರುತೇಶ ಕಂಗಾಲಾದ.

“ಜವಳ ಅಂದ್ರೆ ಏನು? ಕೂದ್ಲಿಗೆ ಕತ್ತರಿ ತಾಗ್ಬೇಕು, ಒಡೆಯನಿಗೆ ಸೇರು ತುಂಬ್ಬೇಕು. ನಿಮ್ಮತ್ತೆಯ ಚಿಕ್ಕಪ್ಪ ಹುಟ್ಟಿದಾಗ ಅವ್ನನ್ನ ನಮ್ಮಪ್ಪ ಕೊಂಡಿದ್ರು. ಆ ಕೂಸಿಗೆ ಜ್ವರ ಬಂತು ಅಂತ ಜವಳಕ್ಕೆ ತಿಂಗಳು ಮುಂಚೇನೇ ಬಸ್ ಸ್ಟ್ಯಾಂಡಲ್ಲೇ ಒಂದು ಕುಚ್ಚು ಕತ್ತರಿಸಿ ಬಿಡಿಸ್ಕಂಡ್ರು. ನಂಗಾಗ ಒಂಬತ್ತು ವರ್ಷ, ಕತ್ತರಿ ಹಿಡ್ಕಂಡು ನಿಂತಿದ್ದೋನು ನಾನೇ. ಆ ಮನುಷ್ಯ ಈಗ ಎಪ್ಪತ್ತು ದಾಟಿ, ಮೊನ್ನೆ ಮೂರನೇ ಸಲ ಮಂಡಿ ಆಪರೇಷನ್ ಬೇಡ ಅಂತ ಜಗಳ ಆಡಿದ.”

ಕತ್ತರಿ ಬೇಕಾಯಿತು. ಭಾಗ್ಯ ಗೋಡೆಯ ಪ್ರಥಮ ಚಿಕಿತ್ಸೆ ಪೆಟ್ಟಿಗೆ ತೆರೆದು ಕತ್ತರಿ ತೆಗೆದರು. ಸ್ಪಿರಿಟ್ಟಿನಲ್ಲಿ ಎರಡು ಸಲ ಒರೆಸಿದರು. ತೌಡು ಬೇಕಾಯಿತು. ಬಾಗಿಲಾಚೆ ಮಂಡಕ್ಕಿ ಗಾಡಿಯ ದುರುಗಕ್ಕ ಆಗಿನಿಂದ ಗುಂಪಿನೊಳಗೆ ತಲೆ ತೂರಿಸಿ ನೋಡುತ್ತಿದ್ದಳು.

“ದುರ್ಗದ ಪ್ಯಾಟ್ಯಾಗೆ ತೌಡು ಎಲ್ಲಿ ಹುಡುಕ್ತೀರಪ್ಪ? ಮಂಡಕ್ಕಿ ನಡೀತೈತೆ ತಗಳ್ರಿ. ಸೇರೂ ನಂದೇ, ಮೊರಾನೂ ನಂದೇ” ಎಂದು ಎರಡನ್ನೂ ಹೊತ್ತು ತಂದಳು. ಟೀಚರಮ್ಮನ ಕಡೆ ತಿರುಗಿ, “ಏನಮ್ಮ, ಓದ್ದೋರು ನೀವು, ತೌಡಿನ ಕೂಸು ಅಂದ್ರೆ ಗೊತ್ತಿಲ್ವಾ? ನನ್ನ ಹಿರೇ ಮಗನ್ನ ಒಂದು ಮುರಿದ ಪೊರಕೆಗೆ ಮಾರಿದ್ದೆ. ಈಗ ಕೆಎಸ್ಆರ್‌ಟಿಸಿ ಡ್ರೈವರ್ ಅವ್ನು!” ಎಂದಳು.

“ನಮ್ಮ ಟೆಕ್ಸ್ಟ್‌ಬುಕ್ಕಲ್ಲಿ ಇಲ್ಲ ಇದು” ಎಂದರು ಟೀಚರಮ್ಮ, ದನಿ ಸ್ವಲ್ಪ ತಗ್ಗಿತ್ತು.

ಕೊನೆಯ ತೊಡಕು ಸೋದರಮಾವ. ಮೊದಲ ಕೂದಲು ಕತ್ತರಿಸಬೇಕಾದವನು ತಾಯಿಯ ಅಣ್ಣ ಅಥವಾ ತಮ್ಮ. ಸುಷ್ಮಿತಾಳಿಗೆ ಇಬ್ಬರೂ ಇಲ್ಲ. ನಾನು ಗುಂಪಿನ ಕಡೆ ನೋಡಿ ಕೇಳಿದೆ: “ಇಲ್ಲಿ ಹಿರಿಯೂರು ತಾಲ್ಲೂಕಿನೋರು ಯಾರಾದ್ರೂ ಇದೀರಾ?”

ಮಲ್ಲೇಶ್ ಮೆಲ್ಲಗೆ ಹಿಂದೆ ಸರಿಯುತ್ತಿದ್ದ. ಅದನ್ನು ನಾನು ಕಂಡೆ.

“ನಿಮ್ಮದು ಯಾವೂರಪ್ಪ?”

“ಧ... ಧರ್ಮಪುರ.”

“ಹರಿಯಬ್ಬೆ ಪಕ್ಕ! ಹಂಗಾದ್ರೆ ನಮ್ಮ ಹೆಣ್ಮಗಳಿಗೆ ಅಣ್ಣ ಆದ್ರಿ. ಹಿಡೀರಿ ಕತ್ತರಿ.”

“ನಾನು ಕಂಪ್ಲೇಂಟ್ ಕೊಟ್ಟೋನು ಅಜ್ಜ!”

“ಅಣ್ಣ ಆದೋನು ತಂಗಿ ಕೂಸಿನ ಮೇಲೆ ಒಂದು ಕಣ್ಣಿಟ್ಟೇ ಇರ್ಬೇಕು. ಸರಿಯಾಗೇ ಮಾಡೀರಿ.”

ಮಲ್ಲೇಶ್ ಒಂದು ಕುಚ್ಚು ಕತ್ತರಿಸಿದ. ಕೂಸು ಒಂದು ಗಳಿಗೆ ಅಳು ನಿಲ್ಲಿಸಿ ಅವನನ್ನು ನೋಡಿ, ಮತ್ತೆ ಎರಡರಷ್ಟು ಜೋರಾಗಿ ಶುರುಮಾಡಿತು. ದುರುಗಕ್ಕ ಸೇರು ತುಂಬ ಮಂಡಕ್ಕಿ ಅಳೆದಳು, ಮಾರುತೇಶ ಅದನ್ನು ನನ್ನ ಟವೆಲಿಗೆ ಸುರಿದ. ನಾನು ಕೂಸನ್ನು ಭಾಗ್ಯ ಅವರ ಕೈಯಿಂದ ತೆಗೆದು, ಮೊರದಲ್ಲಿಟ್ಟು, ಮೊರವನ್ನು ಮಾರುತೇಶನ ಕೈಗೆ ಕೊಟ್ಟೆ.

“ಯಾರ್ದಪ್ಪ ಈ ಕೂಸು?”

ಮಾರುತೇಶ ಕೂಸನ್ನು ನೋಡಿದ. ಎಂಟು ತಿಂಗಳು ಕಚ್ಚಿ ಹಿಡಿದ ನಾಲಿಗೆ, ಬೇಗ ತಿರುಗಲಿಲ್ಲ.

“ನ... ನನ್ನ ಮಗ” ಎಂದ.

“ಕೇಳಿಸ್ಲಿಲ್ಲ” ಎಂದರು ಭಾಗ್ಯ.

“ನನ್ನ ಮಗ! ನನ್ನ ಮಗ ಮೇಡಂ ಇವ್ನು! ನನ್ನ ಮಗ!”

ಟೀಚರಮ್ಮ ಕರ್ಚೀಫಿನಿಂದ ಮೂಗು ಒರೆಸಿಕೊಂಡರು. ಗೆಳತಿಯರು ಚಪ್ಪಾಳೆ ತಟ್ಟಿದರು. ಮಲ್ಲೇಶ್ ಸೋದರಮಾವನ ಉಡುಗೊರೆ ಎಂದು ಟಿಕೆಟ್ ಕಿಟಕಿಯಲ್ಲಿದ್ದ ಕೋಟೆಯ ಬಣ್ಣದ ನಕ್ಷೆಯನ್ನು ಕೂಸಿನ ಎದೆಯ ಮೇಲಿಟ್ಟ. ಕೂಸು ಅದನ್ನು ಹಸಿವಿಗೆ ಚೀಪಿ, ಜೋಗಿಮಟ್ಟಿ ಬೆಟ್ಟದ ಕಡೆಯ ಮೂಲೆಯನ್ನು ಅರ್ಧ ತಿಂದಿತು.

ಹನ್ನೆರಡು ಐವತ್ತು. ಭಾಗ್ಯ ತಾವೇ ಹೊರಗೆ ಬಂದು ಆಟೋ ನಿಲ್ಲಿಸಿ, ನಮ್ಮನ್ನು ಹತ್ತಿಸಿ, ತಾವೂ ಮುಂದೆ ಹತ್ತಿದರು. “ತಾಯಿ ಮುಖ ನೋಡದೆ ನಾನು ಪುಸ್ತಕ ಮುಚ್ಚಲ್ಲ” ಎಂದರು. ದಾರಿಯುದ್ದಕ್ಕೂ ಮಾರುತೇಶ ಸಿಗ್ನಲ್ಲಿನಲ್ಲಿ ನಿಂತ ಸ್ಕೂಟರಿನವರಿಗೆ, ಬಾಳೆಹಣ್ಣಿನವನಿಗೆ, ಆಟೋದವನಿಗೆ ಕೂಸನ್ನು ಎತ್ತಿ ತೋರಿಸಿ “ನನ್ನ ಮಗ” ಎಂದ. ಆಟೋದವನು ಬೆಳಗಿನವನೇ. “ಆಯ್ತು ಬಿಡಣ್ಣ. ಕೋಟೆ ಸಿಕ್ತಾ?” ಎಂದು ಕೇಳಿದ.

ಗೇಟಿಗೆ ಬಂದಾಗ ಒಂದಾಗಿ ಮೂರು ನಿಮಿಷ. ಸುಷ್ಮಿತಾ ಚಪ್ಪಲಿ ಹಾಕಿಕೊಂಡು, ಚೀಲ ಹೆಗಲಿಗೇರಿಸಿ, ಹೊರಟೇ ನಿಂತಿದ್ದಳು. ಕೂಸನ್ನು ಕಿತ್ತುಕೊಂಡು ಮರೆಗೆ ಹೋದಳು. ಅಳು ನಿಂತಿತು. ಆಮೇಲೆ ಒಳಗಿನಿಂದ ದನಿ ಬಂತು:

“ರೀ, ಇವ್ನ ತಲೇಲಿ ಮಂಡಕ್ಕಿ ಯಾಕೈತೆ? ಮುಂಗೂದ್ಲು ಎಲ್ಲೋತು?”

“ಅದು... ನಿಮ್ಮಣ್ಣ ಕತ್ತರಿಸ್ದ.”

“ನಂಗೆ ಅಣ್ಣ ಎಲ್ಲಿದಾನ್ರೀ?”

“ಟಿಕೆಟ್ ಕೌಂಟ್ರಲ್ಲಿ.”

ಎರಡು ಗಂಟೆಗೆ ಅವಳು ಪರೀಕ್ಷೆಗೆ ಕುಳಿತಳು. ಅಷ್ಟರಲ್ಲಿ ಅನುಸೂಯ ಹದಿನಾಲ್ಕನೆಯ ಸಲ ಫೋನು ಮಾಡಿದ್ದಳು. ಕೂಸನ್ನು ವಾಪಸು ಕೊಂಡದ್ದನ್ನು ನಾನೇ ಹೇಳಿದೆ.

“ತೌಡು ಸಿಕ್ತಾ ಅಲ್ಲಿ?”

“ಇಲ್ಲ. ಮಂಡಕ್ಕಿ.”

ಅನುಸೂಯ ಬಹಳ ಹೊತ್ತು ಯೋಚಿಸಿದಳು. “ಖಾರ ಹಾಕಿದ್ದಾ, ಸಪ್ಪೇದಾ?”

“ಸಪ್ಪೇದು.”

“ಹಂಗಾದ್ರೆ ನಡೀತೈತೆ” ಎಂದು ಇಟ್ಟಳು.

ಭಾಗ್ಯ ಇನ್ನೂ ಹೋಗಿರಲಿಲ್ಲ. ಬೇವಿನ ಮರದ ಕೆಳಗೆ ನಿಂತು, ಟೊಪ್ಪಿಗೆ ತೆಗೆದು, ಅತ್ತಿತ್ತ ನೋಡಿ ನನ್ನನ್ನು ಸನ್ನೆ ಮಾಡಿ ಕರೆದರು. ಮಾರುತೇಶನೂ ಕೂಸನ್ನೆತ್ತಿಕೊಂಡು ಹಿಂದೆಯೇ ಬಂದ.

“ಅಜ್ಜ, ನನ್ನ ಮಗಳಿಗೆ ಹೆಣ್ಣು ಕೂಸಾಗೈತೆ. ಇವತ್ತಿಗೆ ಒಂಬತ್ತು ದಿನ.” ಅವರು ಟೊಪ್ಪಿಗೆಯ ಅಂಚನ್ನು ತಿರುಗಿಸುತ್ತಿದ್ದರು. “ಮುಂಚಿಂದು ಒಂದು ನಿಲ್ಲಲಿಲ್ಲ. ರಾತ್ರಿಯೆಲ್ಲ ಅದರ ಉಸಿರು ನೋಡ್ಕಂಡು ಕುಂತಿರ್ತೀವಿ. ನಾನು ಇಂಥದ್ನೆಲ್ಲ ನಂಬೋಳಲ್ಲ. ಡಾಕ್ಟ್ರಿಗೂ ತೋರಿಸ್ತಿದೀವಿ. ಆದ್ರೂ... ನಾಡಿದ್ದು ಹನ್ನೊಂದು ದಿನ ಆಗ್ತೈತೆ. ತೌಡು ನಾವು ತರ್ಬೇಕಾ, ನೀವಾ?”

“ತೌಡು ನಂದು. ಮೊರ ನಿಮ್ದು.”

“ಯಾರು ಕೇಳಿದ್ರೂ ನಿಮ್ದು ಅನ್ಬೇಡ್ರಿ ಮೇಡಂ” ಎಂದ ಮಾರುತೇಶ, ಅನುಭವಸ್ಥನ ಗಾಂಭೀರ್ಯದಿಂದ. “ಅದೊಂದೇ ಕಷ್ಟ. ಉಳಿದಿದ್ದೆಲ್ಲ ಸಲೀಸು.”

ಅವರು ತಲೆಯಾಡಿಸಿ ಟೊಪ್ಪಿಗೆ ಹಾಕಿಕೊಂಡು ಹೊರಟರು.

“ಅಮ್ಮಾ, ನಮ್ಮೂರಿಗೆ ದಾರಿ ಹೇಳ್ಲಿಲ್ಲ, ನನ್ನ ವಿಳಾಸ—”

ಭಾಗ್ಯ ತಿರುಗಿ, ಕಂಕುಳಲ್ಲಿದ್ದ ನೋಟ್‌ಬುಕ್ಕನ್ನು ತಟ್ಟಿದರು. ನನ್ನ ಹೆಸರು, ಊರು, ಓಣಿ, ಕೊಂಡ ಕೂಸುಗಳ ಸಂಖ್ಯೆ ಇದ್ದ ಆ ಪುಟವನ್ನು ಅವರು ಹರಿದಿರಲಿಲ್ಲ.

“ಎಲ್ಲ ಬರ್ಕಂಡೀನಿ ಬಿಡ್ರಿ ಅಜ್ಜ. ನಾಡಿದ್ದು ಮನೇಲೇ ಇರ್ರಿ. ಎಲ್ಲಿಗೂ ಹೋಗಂಗಿಲ್ಲ.”